ಗೋಲಿನ ಬಲೆ ಕಟ್ಟಿದವನು

ಕುಂದಾಪುರದ ಸನ್ಮಾನ ಸಮಿತಿಯ ಕಾರ್ಯದರ್ಶಿ ಫೋನ್ ಮಾಡಿ, "ಮಾಸ್ಟ್ರೇ, ನೀವ್ ಐದ್ ನಿಮ್ಷ ಮಾತಾಡ್ಕ್. ಅವ್ನ್ ಸುರುವಿನ್ ಆಟಕ್ಕ್ ರೆಫ್ರಿ ಆದವ್ರ್ ನೀವೇ ಅಲ್ದಾ" ಎಂದಾಗ ನಾನು ಸುಮ್ಮನೆ ಹೂಂ ಅಂದುಬಿಟ್ಟೆ. ಅವನನ್ನು ಹೊಗಳುವುದಕ್ಕೆ ನನಗೆ ಐದು ನಿಮಿಷ ಏನು, ಐದು ಗಂಟೆಯೂ ಸಾಲದು. ಆದರೆ ಹೊಗಳುವ ಮೊದಲು ಹೇಳಲೇಬೇಕಾದ ಮಾತೊಂದಿತ್ತು. ಅದು ಅರ್ಧ ನಿಮಿಷದ್ದು. ಅದನ್ನು ಇಪ್ಪತ್ತು ವರ್ಷದಿಂದ ನುಂಗಿಕೊಂಡು ಓಡಾಡುತ್ತಿದ್ದೆ. ಅವನು ಹೊಡೆದ ಒಂದು ಗೋಲನ್ನು, ಅದು ಗೋಲು ಎಂದು ಗೊತ್ತಾದ ಮೇಲೂ, ನಾನು ಕೊಟ್ಟಿರಲಿಲ್ಲ.

ನಾನು ಬ್ರಹ್ಮಾವರದ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಮಾಸ್ಟರ್ ಆಗಿದ್ದವನು. ಮನೆ ಬಾರ್ಕೂರು. ರಜೆಯ ದಿನಗಳಲ್ಲಿ ಊರೂರಿನ ಟೂರ್ನಮೆಂಟುಗಳಿಗೆ ರೆಫ್ರಿಯಾಗಿ ಹೋಗುತ್ತಿದ್ದೆ. ನಮ್ಮ ಕಡೆ ಕ್ರಿಕೆಟ್ಟಿಗೆ, ವಾಲಿಬಾಲಿಗೆ, ಕಬಡ್ಡಿಗೆ ಸೇರುವಷ್ಟು ಜನ ಫುಟ್‌ಬಾಲಿಗೆ ಸೇರುವುದಿಲ್ಲ. ಅಂಥ ಕಡೆಯಿಂದ ಹೋಗಿ ಮೊದಲು ಗೋವಾದಲ್ಲಿ, ಆಮೇಲೆ ಕೋಲ್ಕತ್ತದಲ್ಲಿ, ಮತ್ತೆ ಗೋವಾದಲ್ಲಿ ಮೂವತ್ತಾರು ತುಂಬುವವರೆಗೆ ಸಂಬಳಕ್ಕೆ ಆಡಿದ ಸ್ಟ್ರೈಕರ್ ಅವನು. ಗಂಗೊಳ್ಳಿಯವನು. ಹೆಸರು ಬರೆಯುವುದಿಲ್ಲ. ಬರೆದರೆ ಅವನಿಗೆ ಮುಜುಗರ. ಬರೆಯದಿದ್ದರೂ ಗಂಗೊಳ್ಳಿಯಲ್ಲಿ ಗೊತ್ತಾಗದವರು ಯಾರೂ ಇರಲಾರರು.

ಅವನನ್ನು ಮೊದಲು ನೋಡಿದಾಗ ಅವನಿಗೆ ಹದಿನೇಳೋ ಹದಿನೆಂಟೋ. ಸೋದರಮಾವನ ಜೊತೆ ಬೋಟಿನಲ್ಲಿ ಗೋವಾದ ತನಕ ಹೋಗುತ್ತಿದ್ದ. ಬೋಟು ಅಲ್ಲಿ ನಿಂತ ದಿನಗಳಲ್ಲಿ ಅಲ್ಲಿಯವರ ಜೊತೆ ಸಂಜೆ ಮರಳಿನ ಮೇಲೆ ಆಡಿ ಆಟ ಕಲಿತಿದ್ದ. ಬೂಟು ಯಾರದ್ದೋ, ಒಂದು ಸೈಜು ದೊಡ್ಡದು. ಮುಂದುಗಡೆ ಬಟ್ಟೆ ತುರುಕಿ ಹಾಕಿಕೊಂಡಿದ್ದ. ಆ ದಸರಾ ರಜೆಯಲ್ಲಿ ಬ್ರಹ್ಮಾವರದಲ್ಲಿ ಎರಡು ದಿನದ ಟೂರ್ನಮೆಂಟು. ಶನಿವಾರ ಸೆಮಿಫೈನಲ್, ಭಾನುವಾರ ಫೈನಲ್. ಫೈನಲಿಗೆ ಗೋವಾದ ಒಂದು ಕ್ಲಬ್ಬಿನ ಕೋಚ್ ಅತಿಥಿಯಾಗಿ ಬರುವವರಿದ್ದರು. ಚೆನ್ನಾಗಿ ಆಡುವವರು ಕಣ್ಣಿಗೆ ಬಿದ್ದರೆ ಕರೆದುಕೊಂಡು ಹೋಗುತ್ತಾರಂತೆ ಎಂಬ ಸುದ್ದಿ ಮೈದಾನದ ತುಂಬ ಇತ್ತು. ಹಾಗಾಗಿ ಗಂಗೊಳ್ಳಿಯ ತಂಡಕ್ಕೆ ಶನಿವಾರ ಗೆದ್ದು ಭಾನುವಾರ ಆಡುವುದು ಕಪ್ಪಿಗಿಂತ ದೊಡ್ಡ ವಿಷಯವಾಗಿತ್ತು. ಅವನಿಗಂತೂ ಬೇರೆ ದಾರಿಯೇ ಇರಲಿಲ್ಲ.

ಗೋಲಿಗೆ ಕಟ್ಟುವ ಬಲೆ ಅಂಗಡಿಯಿಂದ ತಂದದ್ದಲ್ಲ. ಗಂಗೊಳ್ಳಿಯವರೇ ಹಳೆಯ ಮೀನಿನ ಬಲೆ ತಂದು ಎರಡೂ ಕಡೆ ಕಟ್ಟಿದ್ದರು. ನಮ್ಮ ಕಡೆ ಅದೇ ರೂಢಿ. ಬಂದರಿನಲ್ಲಿ ಕೆಲಸ ಮುಗಿಸಿದ ಬಲೆ ಒಂದೋ ತರಕಾರಿ ಪಾತಿಗೆ ಬೇಲಿಯಾಗಬೇಕು, ಇಲ್ಲವೇ ಗೋಲಿನ ಹಿಂದೆ ನಿಲ್ಲಬೇಕು.

ಶನಿವಾರದ ಪಂದ್ಯ ಒಂದೊಂದು ಗೋಲಿನಿಂದ ಸಮವಾಗಿತ್ತು. ಕೊನೆಯ ಹತ್ತು ನಿಮಿಷ ಇರಬಹುದು. ಹಿಂದಿನಿಂದ ಉದ್ದಕ್ಕೆ ಬಂದ ಚೆಂಡನ್ನು ಅವನು ನಿಲ್ಲಿಸದೆ ಹಾಗೆಯೇ ಹೊಡೆದ. ನಾನು ಇನ್ನೂ ಮೈದಾನದ ನಡುವಿನಲ್ಲಿದ್ದೆ, ಇಳಿಬಿಸಿಲು ಕಣ್ಣಿಗೆ. ಗೆರೆಯ ಹತ್ತಿರ ನಿಲ್ಲಬೇಕಾದ ಲೈನ್ ರೆಫ್ರಿ ಮಹಾಶಯ ಎಳನೀರು ಕುಡಿಯಲು ಹೋಗಿದ್ದ. ಚೆಂಡು ಕಂಬದ ಹತ್ತಿರ ಹೋದದ್ದು ಕಂಡಿತು, ಮರುಕ್ಷಣ ಗೋಲಿನ ಹಿಂದೆ ಹುಲ್ಲಿನ ಮೇಲೆ ಉರುಳುವುದು ಕಂಡಿತು. ಬಲೆಯಲ್ಲಿ ಸಿಕ್ಕಿಲ್ಲ ಎಂದರೆ ಹೊರಗೆ ಹೋಗಿದೆ. ನಾನು ಸೀಟಿ ಊದಿ, ಗೋಲಲ್ಲ, ಗೋಲ್ ಕಿಕ್ ಎಂದು ಕೈ ತೋರಿಸಿದೆ.

ಗಂಗೊಳ್ಳಿಯವರೆಲ್ಲ ನನ್ನ ಮೇಲೆ ಮುಗಿಬಿದ್ದರು. ಅವನು ಮಾತ್ರ ಓಡಿಬರಲಿಲ್ಲ. ನೇರ ಬಲೆಯ ಹತ್ತಿರ ಹೋದ, ಕೂತ, ಬೆರಳಾಡಿಸಿ ಏನನ್ನೋ ಹುಡುಕಿದ. ಆಮೇಲೆ ಎದ್ದು ಕೈ ಬೀಸಿ ನನ್ನನ್ನು ಕರೆದ. ಅಷ್ಟು ಜನ ಬೈಯುವಾಗ ಒಬ್ಬ ಮರ್ಯಾದೆಯಿಂದ ಕರೆದನಲ್ಲ ಎಂದು ಹೋದೆ.

"ಸರ್, ಇಲ್ಲ್ ಕಾಣಿ. ಇದ್ ಈಗ ಹರ್ದದ್. ಹಳೀದ್ ಆರೆ ನೂಲಿನ್ ತುದಿ ಕಪ್ಪ್ ಆತಿತ್ತ್. ಇದ್ ಬೆಳಿ ಇತ್ತ್ ಕಾಣಿ."

ಬಲೆಯ ಹಿಂಬದಿಯಲ್ಲಿ ನಾಲ್ಕೈದು ಕಣ್ಣು ಹರಿದು ಚೆಂಡು ದಾಟುವಷ್ಟು ಬಾಯಿ ಬಿಟ್ಟಿದ್ದವು. ಬಲೆಯೆಲ್ಲ ಮಾಸಿ ಕಪ್ಪಾಗಿದ್ದರೂ ಹರಿದ ನೂಲಿನ ತುದಿ ಬೆಳ್ಳಗೆ ಹೊಸದಾಗಿ ಕಾಣುತ್ತಿತ್ತು. ಚೆಂಡು ಒಳಗೆ ಹೋಗಿ, ಬಲೆ ಹರಿದು ಹಿಂದೆ ಬಂದಿತ್ತು. ನನಗೆ ಅರ್ಥವಾಯಿತು. ಆಟ ಮತ್ತೆ ಶುರುವಾಗುವ ತನಕ ರೆಫ್ರಿ ತನ್ನ ತೀರ್ಪು ಬದಲಿಸಬಹುದು, ನಿಯಮವೇ ಇದೆ. ನಾನೇ ಮಕ್ಕಳಿಗೆ ಬೋರ್ಡಿನ ಮೇಲೆ ಬರೆದು ಕಲಿಸಿದ್ದ ನಿಯಮ ಅದು.

ಅಷ್ಟರಲ್ಲಿ ಬದಿಯಲ್ಲಿ ನಿಂತವನೊಬ್ಬ, "ಹ್ವಾಯ್ ಮಾಸ್ಟ್ರೇ, ಕನ್ನಡ್ಕ ಮನಿಯಂಗೆ ಬಿಟ್ಟ್ ಬಂದ್ರ್ಯಾ?" ಎಂದು ಕೂಗಿದ. ನಾಲ್ಕೈದು ನೂರು ಜನ ನಕ್ಕರು. ನನ್ನ ಸಿಟ್ಟು ನನ್ನ ಶಾಲೆಯಲ್ಲಿ ಪ್ರಸಿದ್ಧ. ಒಮ್ಮೆ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಂಡ ದಾಖಲೆ ನನ್ನ ಹೆಂಡತಿಯ ಹತ್ತಿರವೂ ಇಲ್ಲ. ನೆತ್ತರು ತಲೆಗೇರಿತು. "ಗೋಲ್ ಕಿಕ್ ಅಂದ್ರೆ ಗೋಲ್ ಕಿಕ್" ಎಂದೆ.

ಅವನು ನನ್ನ ಮುಖವನ್ನೊಮ್ಮೆ ನೋಡಿದ. ಆಮೇಲೆ, "ಹಂಗಾರೆ ಕಟ್ಟಿ ಬಿಡ್ತೆ ಸರ್. ಇನ್ನೊಬ್ಬಂದೂ ಹೀಂಗ್ ಹೋಪುದ್ ಬ್ಯಾಡ" ಎಂದು ಮತ್ತೆ ಕೂತ. ಹರಿದ ನೂಲಿನ ತುದಿಗಳನ್ನೇ ಎಳೆದು ಸೇರಿಸಿ, ನಾನು ಬೂಟಿನ ಲೇಸು ಕಟ್ಟುವಷ್ಟು ಹೊತ್ತಿನಲ್ಲಿ ಮೂರು ಗಂಟು ಹಾಕಿದ. ಎಳೆದು ನೋಡಿದ. ಎದ್ದು ತನ್ನ ಜಾಗಕ್ಕೆ ಹೋದ. ಐದು ನಿಮಿಷದ ನಂತರ ಎದುರಿನವರು ಗೋಲು ಹೊಡೆದರು. ಗಂಗೊಳ್ಳಿ ಸೋತಿತು. ಭಾನುವಾರ ಗೋವಾದ ಕೋಚ್ ಬಂದು ಫೈನಲ್ ನೋಡಿ, ಶಾಲು ಹೊದೆಸಿಕೊಂಡು, ಯಾರನ್ನೂ ಕರೆಯದೆ ವಾಪಸು ಹೋದರು. ಅವನು ಆ ದಿನ ಗಂಗೊಳ್ಳಿಯಲ್ಲಿ ಐಸ್ ಪ್ಲಾಂಟಿನಲ್ಲಿ ಮಂಜುಗಡ್ಡೆ ಹೊರುತ್ತಿದ್ದನಂತೆ. ಮುಂದಿನ ಮೂರು ವರ್ಷವೂ ಅದನ್ನೇ ಹೊತ್ತ.

ಇವತ್ತಿನ ಹಾಗೆ ಆಗ ಎಲ್ಲರ ಕೈಯಲ್ಲಿ ಕ್ಯಾಮೆರಾದ ಮೊಬೈಲ್ ಇರಲಿಲ್ಲ. ಇದ್ದಿದ್ದರೆ ನನ್ನ ಮಾನ ಅವತ್ತೇ ಹೋಗಿ, ಅವನ ಮೂರು ವರ್ಷ ಉಳಿಯುತ್ತಿತ್ತು.

ಕೊನೆಗೂ ಅವನು ಗೋವಾಕ್ಕೆ ಹೋದದ್ದು ಯಾರ ಶಿಫಾರಸಿನಿಂದಲೂ ಅಲ್ಲ. ಮೂರು ವರ್ಷದ ಮೇಲೆ ಮಾವನ ಬೋಟು ರಿಪೇರಿಗೆಂದು ಅಲ್ಲಿ ನಿಂತಾಗ ಒಂದು ಬೆಳಿಗ್ಗೆ ಕ್ಲಬ್ಬಿನ ಗೇಟಿನ ಹತ್ತಿರ ಹೋಗಿ, ಆಡಲು ಬಿಡಿ ಎಂದು ಕೇಳಿದನಂತೆ. ಬಿಡಲಿಲ್ಲ. ಮರುದಿನವೂ ಹೋದ. ಹನ್ನೊಂದನೆಯ ದಿನ ಯಾರಿಗೋ ಜ್ವರ ಬಂದು ಒಬ್ಬ ಕಡಿಮೆ ಬಿದ್ದ, ಒಳಗೆ ಕರೆದರು. ಇದನ್ನು ಹೇಳುವಾಗ ಅವನಿಗೆ ಆ ಜ್ವರ ಬಂದವನ ಬಗ್ಗೆಯೇ ಹೆಚ್ಚು ಕನಿಕರ. "ಪಾಪ, ಅವಂಗೆ ಮತ್ತ್ ಜಾಗ ಸಿಕ್ಲೇ ಇಲ್ಲೆ ಸರ್" ಎನ್ನುತ್ತಾನೆ.

ಅವನ ಆಟ ನೋಡಿದವರು ಮೊದಲು ಹೇಳುತ್ತಿದ್ದದ್ದು, ಇವನು ಸೋಮಾರಿ ಎಂದು. ಉಳಿದ ಇಪ್ಪತ್ತೊಂದು ಜನ ಬೆವರು ಸುರಿಸಿ ಓಡುವಾಗ ಇವನು ಸೊಂಟದ ಮೇಲೆ ಕೈಯಿಟ್ಟು ನಿಂತಿರುತ್ತಿದ್ದ. ಟಿವಿಯಲ್ಲಿ ಕಾಮೆಂಟ್ರಿ ಹೇಳುವವರೂ ಗೇಲಿ ಮಾಡಿದ್ದುಂಟು. ಆಮೇಲೆ ಯಾವುದೋ ಒಂದು ಕ್ಷಣದಲ್ಲಿ ಎಂಟು ಹತ್ತು ಹೆಜ್ಜೆ ಹಾಕುತ್ತಿದ್ದ. ಅಷ್ಟೇ. ಅವನು ತಲುಪಿದ ಜಾಗಕ್ಕೆ ಚೆಂಡು ಬಂದಿರುತ್ತಿತ್ತು. ಅದು ಹೇಗೆ ಎಂದು ಒಮ್ಮೆ ಕೇಳಿದೆ. ಅವನ ಅಜ್ಜ ಕೈರಂಪಣಿಯವರು. ಕೈರಂಪಣಿ ಎಂದರೆ ದಡದಿಂದ ಹತ್ತಾರು ಜನ ಎಳೆಯುವ ದೊಡ್ಡ ಬಲೆ. ಮೀನಿನ ಹಿಂಡು ಎಲ್ಲಿದೆ ಎಂದು ನೋಡಿ ಹೇಳುವುದಕ್ಕೆ ಒಬ್ಬರು ದಡದಲ್ಲಿ ಕಾಯುತ್ತಿರಬೇಕು. ಆ ಕೆಲಸ ಅಜ್ಜನದ್ದು. ಪಕ್ಕದಲ್ಲಿ ಕೂತು ಇವನೂ ನೋಡುತ್ತಿದ್ದ.

"ಮೀನ್ ಹುಡ್ಕುಕಾಗ ಸರ್, ನೀರ್ ಕಾಣ್ಕ್ ಅಂತಿದ್ರ್ ಅಜ್ಜ. ನೀರಿನ್ ಬಣ್ಣ ಎಲ್ ತಿರ್ಗಿತ್, ಅಲ್ ಮೀನ್ ಬತ್ತ್. ನಾನೂ ಚೆಂಡ್ ಕಾಂತಿಲ್ಲೆ. ಜನ ಎಲ್ಲ್ ಖಾಲಿ ಆತ್ರ್ ಅಂದೇಳಿ ಕಾಂತೆ."

ಮೂವತ್ತು ವರ್ಷ ಪಿ.ಟಿ. ಮಾಸ್ಟರ್ ಆಗಿದ್ದ ನಾನು ಮಕ್ಕಳಿಗೆ "ಓಡಿ, ಓಡಿ" ಎಂದು ಕಿರುಚಿದ್ದು ಬಿಟ್ಟರೆ ಬೇರೇನೂ ಕಲಿಸಿರಲಿಲ್ಲ ಎಂದು ಆಗ ಹೊಳೆಯಿತು.

ಮಳೆಗಾಲದಲ್ಲಿ ಊರಿಗೆ ಬರುತ್ತಿದ್ದ. ತಾಯಿ ಮೀನು ಮಾರುವವರು, ಬುಟ್ಟಿ ಹೊತ್ತು ಬಸ್ಸಿನಲ್ಲಿ ವಂಡ್ಸೆಯ ಕಡೆ ಹೋಗುತ್ತಿದ್ದರು. ಮಗನ ಫೋಟೋ ಪೇಪರಿನಲ್ಲಿ ಬರಲು ಶುರುವಾದ ಮೇಲೂ ಬಿಡಲಿಲ್ಲ. ಇವನೂ ಊರಿಗೆ ಬಂದಾಗಲೆಲ್ಲ ಬುಟ್ಟಿ ಹಿಡಿದು ಅದೇ ಬಸ್ಸಿನಲ್ಲಿ ಅವರ ಜೊತೆ ಹೋಗುತ್ತಿದ್ದ. ಅಲ್ಲಿ ಒಬ್ಬರು, "ಎಂತ ಅಮ್ಮ, ಮಗನ್ ಕೈಯಂಗೆ ಬುಟ್ಟಿ ಹೊರ್ಸ್ತ್ರಿಯಲೆ, ಅವ್ನ್ ದೊಡ್ ಆಟ್ಗಾರ ಅಲ್ದಾ" ಎಂದರೆ ಆ ತಾಯಿ, "ಅವ್ನ್ ಆಡುದ್ ಕಾಲಂಗೆ. ಕೈ ಖಾಲಿ ಇತ್ತಲೆ" ಎಂದರಂತೆ. ಅವನೇ ಹೇಳಿ ನಕ್ಕಿದ್ದ.

ಒಂದು ಘಟನೆ ಮಾತ್ರ ನನಗೆ ಚುಚ್ಚುತ್ತಲೇ ಇತ್ತು. ಕೋಲ್ಕತ್ತದ ಕ್ಲಬ್ಬಿಗೆ ಆಡುವಾಗ ಒಂದು ದೊಡ್ಡ ಪಂದ್ಯದ ಕೊನೆಯ ಪೆನಾಲ್ಟಿಯನ್ನು ಅವನು ಹೊರಗೆ ಹೊಡೆದ. ತಂಡ ಸೋತಿತು. ನಾನು ಬಾರ್ಕೂರಿನಲ್ಲಿ ಟಿವಿಯ ಮುಂದೆ ಕೂತಿದ್ದೆ. ಸ್ಟೇಡಿಯಂ ಪೂರ್ತಿ ಅವನನ್ನು ಬೈಯುತ್ತಿತ್ತು, ನೀರಿನ ಬಾಟಲಿ ಎಸೆಯುತ್ತಿದ್ದರು. ಉಳಿದವರು ತಲೆ ತಗ್ಗಿಸಿ ಒಳಗೆ ಹೋದರು. ಅವನು ಮೈಕು ಹಿಡಿದವರ ಮುಂದೆ ಬಂದು ನಿಂತ. ಮೈದಾನ ಒದ್ದೆಯಿತ್ತಾ, ಕಾಲು ಜಾರಿತಾ, ನೋವಿತ್ತಾ ಎಂದು ಅವರೇ ಒಂದೊಂದು ನೆಪ ಕೊಟ್ಟು ನೋಡಿದರು. ಅವನು ತನ್ನ ಮುರುಕು ಹಿಂದಿಯಲ್ಲಿ, ಏನೂ ಇರಲಿಲ್ಲ, ನಾನು ಹೊಡೆದೆ, ನಾನೇ ತಪ್ಪಿಸಿದೆ ಎಂದ. ಹೆಂಡತಿ ಅಡುಗೆಮನೆಯಿಂದ, "ಪಾಪ, ಎಂಥ ಮಾಣಿ" ಎಂದಳು. ನಾನು ಟಿವಿ ಆರಿಸಿದೆ. ಐವತ್ತು ಸಾವಿರ ಜನರ ಎದುರು ಅವನು ಆಡಿದ ಮಾತನ್ನು ಐನೂರು ಜನರ ಎದುರು ನನಗೆ ಆಡಲಾಗಿರಲಿಲ್ಲ. ನಾಚಿಕೆಯಾಯಿತು. ನಿಜವಾಗಿ ನಾಚಿಕೆಯಾಯಿತು.

ಊರಲ್ಲಿ ಎದುರಾದಾಗಲೆಲ್ಲ ನಿಂತು ಮಾತಾಡಿಸುತ್ತಿದ್ದ. ಜೊತೆಯಲ್ಲಿದ್ದವರಿಗೆ, "ಇವ್ರ್ ನಮ್ ಬ್ರಹ್ಮಾವರದ್ ರೆಫ್ರಿ ಸರ್" ಎಂದು ಪರಿಚಯ ಮಾಡಿಕೊಡುತ್ತಿದ್ದ. ಕೊಂಕು ಇದೆಯೇ ಎಂದು ನಾನು ಪ್ರತಿ ಸಲವೂ ಹುಡುಕಿದ್ದೇನೆ. ಸಿಗಲಿಲ್ಲ. ಸಿಕ್ಕಿದ್ದರೆ ನನಗೇ ಸುಲಭವಾಗುತ್ತಿತ್ತು, ಒಂದು ಜಗಳ ಮಾಡಿ ಮುಗಿಸುತ್ತಿದ್ದೆ.

ಆಟ ನಿಲ್ಲಿಸಿದ ಮೇಲೆ ಗೋವಾದಲ್ಲೇ ಕೋಚ್ ಕೆಲಸ ಕೊಡುತ್ತೇವೆಂದರು. ಬೇಡವೆಂದು ಗಂಗೊಳ್ಳಿಗೆ ಬಂದು ಹೆಣ್ಣುಮಕ್ಕಳ ತಂಡ ಕಟ್ಟಿದ. ಮೀನಿನ ವ್ಯಾಪಾರದ ಮನೆಗಳ ಹುಡುಗಿಯರು. ಮೊದಲು ಮೂರೇ ಜನ, ಈಗ ಎರಡು ತಂಡಕ್ಕಾಗುವಷ್ಟು. ಅವರಿಗೆ ಅವನ ಮೊದಲ ಪಾಠವೇ ನಿಲ್ಲುವುದು. ಚೆಂಡು ಕೊಡದೆ, ಅರ್ಧ ಗಂಟೆ ಮೈದಾನದಲ್ಲಿ ನಿಲ್ಲಿಸಿ, ಯಾರು ಎಲ್ಲಿದ್ದಾರೆ ಎಂದು ಕಣ್ಣು ಮುಚ್ಚಿಸಿ ಕೇಳುತ್ತಾನೆ.

ಸನ್ಮಾನಕ್ಕೆ ನಾಲ್ಕು ದಿನ ಇರುವಾಗ ನಾನು ನಿರ್ಧಾರ ಮಾಡಿದೆ. ಸ್ಟೇಜಿನ ಮೇಲೆ ಹೇಳಿಯೇ ಬಿಡುವುದು. ಆದರೆ ಮೊದಲು ಅವನಿಗೆ ತಿಳಿಸಬೇಕು. ಬೆಳಿಗ್ಗೆ ಬಸ್ಸು ಹತ್ತಿ ಗಂಗೊಳ್ಳಿಗೆ ಹೋದೆ. ಮೈದಾನದಲ್ಲಿ ಒಬ್ಬನೇ ಸುಣ್ಣದ ಪುಡಿಯಿಂದ ಗೆರೆ ಎಳೆಯುತ್ತಿದ್ದ.

"ಎಂತ ಸರ್, ಇಷ್ಟ್ ದೂರ? ಫೋನ್ ಮಾಡಿದ್ರೆ ನಾನೇ ಬತ್ತಿದ್ದೆ."

"ಅವತ್ತ್ ಅದ್ ಗೋಲೇ. ನಂಗೆ ಅಲ್ಲೇ ಗೊತ್ತಾಯಿತ್ತ್. ಸ್ಟೇಜಂಗೆ ಎಲ್ರ್ ಎದ್ರ್ ಹೇಳ್ತೆ" ಎಂದೆ. ಪೀಠಿಕೆ ಹಾಕದೆ ಒಂದೇ ಉಸಿರಿಗೆ ಹೇಳಿದೆ.

ಅವನು ಯಾವ ಗೋಲು ಎಂದು ಕೇಳಲಿಲ್ಲ. ಕೈಯಲ್ಲಿದ್ದ ಪುಡಿ ಮುಗಿಯುವ ತನಕ ಗೆರೆ ಎಳೆದ. "ಗೊತ್ತಿತ್ತ್ ಸರ್. ನಿಮ್ ಮೋರೆ ಕಂಡ್ ಗೊತ್ತಾಯಿತ್ತ್" ಎಂದ. ಆಮೇಲೆ, "ಸ್ಟೇಜಂಗೆ ಹೇಳುದ್ ಬ್ಯಾಡ" ಎಂದ.

"ಎಂತಕ್ಕೆ?"

"ಮುಂದಿನ್ ಸಾಲಂಗೆ ನಮ್ ಹೆಣ್ಮಕ್ಳ್ ಕೂಕಂತ್ರ್. ರೆಫ್ರಿ ಹೇಳಿದ್ದೇ ಸೈ ಅಂದೇಳಿ ಹೇಳಿ ಹೇಳಿ ನನ್ ಬಾಯಿ ಒಣ್ಗ್ ಹೋಯ್ತ್. ನೀವ್ ಹೀಂಗ್ ಹೇಳ್ರೆ ನಾಳೆಯಿಂದ ಒಬ್ಳೂ ಸೀಟಿ ಕೇಂತಿಲ್ಲೆ. ನಿಮ್ಗ್ ಹಗೂರ ಆತ್ತ್, ನಂಗ್ ಭಾರ ಆತ್ತ್."

ಆ ಕೊನೆಯ ಮಾತು ಸರಿಯಾಗಿ ನಾಟಿತು. ಇಪ್ಪತ್ತು ವರ್ಷ ಹೊತ್ತದ್ದನ್ನು ಇಳಿಸಲು ನಾನು ಹುಡುಕಿದ ಜಾಗ ಅವನ ಹೆಗಲೇ ಆಗಿತ್ತು. ಸನ್ಮಾನದ ದಿನ ಸ್ಟೇಜಿನ ಮೇಲೆ ಶಿಸ್ತು, ಶ್ರಮ, ಊರಿನ ಹೆಮ್ಮೆ ಎಂದು ನಾಲ್ಕು ಒಣ ಮಾತಾಡಿ ಎರಡೇ ನಿಮಿಷಕ್ಕೆ ಇಳಿದೆ. ಕಾರ್ಯದರ್ಶಿಗೆ ಸಮಯ ಉಳಿದದ್ದಕ್ಕೆ ಖುಷಿಯಾಯಿತು.

ಇಳಿಯುವಾಗ ಅವನು ಮೆಟ್ಟಿಲ ಹತ್ತಿರ ಕೈ ಹಿಡಿದು, "ಬಪ್ಪ ಆಯ್ತಾರ ಬೈಂದೂರಿನ್ ಹೆಣ್ಮಕ್ಳ್ ಟೀಮ್ ಬತ್ತ್. ರೆಫ್ರಿ ಸಿಕ್ಲಿಲ್ಲೆ. ನೀವ್ ಬರ್ಕ್ ಸರ್" ಎಂದ. ನನಗೆ ಅರವತ್ತಾರು, ಓಡಲಾಗದು ಎಂದೆ. "ಓಡುದ್ ಬ್ಯಾಡ. ನಿಂತ್ ಕಂಡ್ರೆ ಸಾಕ್" ಎಂದ.

ಸ್ಟೇಜಿನ ಮೇಲೆ ಹೇಳುವುದು ಬೇಡ ಎಂದಿದ್ದನೇ ಹೊರತು ಬರೆಯುವುದು ಬೇಡ ಎಂದಿರಲಿಲ್ಲ. ಅವನ ಹುಡುಗಿಯರು ಇದನ್ನು ಓದಿದರೆ ಆ ಭಾನುವಾರದ ತನಕವೂ ಓದಲಿ ಎಂದು ಅದನ್ನೂ ಬರೆಯುತ್ತಿದ್ದೇನೆ.

ಭಾನುವಾರ ಗೋಲಿಲ್ಲದೆಯೇ ಪಂದ್ಯ ಮುಗಿಯಲು ಬಂದಿತ್ತು. ಆಗ ಗಂಗೊಳ್ಳಿಯ ಹುಡುಗಿಯೊಬ್ಬಳು, ಅವನ ಹಾಗೆಯೇ ಅಷ್ಟು ಹೊತ್ತು ಸುಮ್ಮನೆ ನಿಂತಿದ್ದವಳು, ಮೇಲಿಂದ ಬಂದ ಚೆಂಡನ್ನು ಮೈಯಲ್ಲಿ ತಡೆದು ಗೋಲಿಗೆ ಹೊಡೆದಳು. ನಾನು ಸೀಟಿ ಊದಿ ನಡುಗೆರೆಯ ಕಡೆ ಕೈ ತೋರಿಸಿದೆ. ಗೋಲು. ಗಂಗೊಳ್ಳಿಯ ಹುಡುಗಿಯರು ಒಬ್ಬರ ಮೇಲೊಬ್ಬರು ಬಿದ್ದರು. ಬದಿಯಲ್ಲಿ ಅವರ ತಾಯಂದಿರು ಕುಣಿಯುತ್ತಿದ್ದರು. ಸುಳ್ಳು ಯಾಕೆ, ನನಗೂ ಕುಣಿಯುವಷ್ಟು ಸಂತೋಷ.

ಬೈಂದೂರಿನ ಗೋಲ್‌ಕೀಪರ್ ಹುಡುಗಿ ನನ್ನ ಹತ್ತಿರ ನಡೆದು ಬಂದಳು. ಕೂಗಲಿಲ್ಲ. "ಸರ್, ಕೈಗೆ ತಾಗಿತ್ತ್" ಎಂದಳು.

ಹಾಗೆಂದ ಕೂಡಲೇ ನನಗೆ ತಿಳಿಯಿತು. ನಾನು ನೋಡಿದ್ದೆ. ಆ ಹುಡುಗಿಯ ಮೊಣಕೈ ಚೆಂಡಿನ ಹತ್ತಿರ ಹೋದದ್ದು ನೋಡಿದ್ದೆ, ನೋಡಿದ್ದು ಬೇಡವೆಂದು ಸೀಟಿ ಊದಿದ್ದೆ. ಗೋಲು ಹೊಡೆದವಳನ್ನು ಕರೆದು, "ಕೈಗೆ ತಾಗಿತ್ತಾ ಮಗಾ?" ಎಂದೆ. ಅವಳು ನೆಲ ನೋಡಿದಳು. ಚೆಂಡು ನಡುವಿಗೆ ಬಂದಿತ್ತು, ಆಟ ಇನ್ನೂ ಶುರುವಾಗಿರಲಿಲ್ಲ. ಕೈ ಎತ್ತಿ, ಗೋಲಿಲ್ಲ, ನಾನು ತಪ್ಪು ಹೇಳಿದ್ದು ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದೆ.

ಬದಿಯಿಂದ ಬೈಗುಳ ಬಂತು. ನನ್ನ ವಯಸ್ಸು, ಕಣ್ಣು, ಊರು ಯಾವುದನ್ನೂ ಬಿಡಲಿಲ್ಲ. ಗಂಗೊಳ್ಳಿಯ ಕ್ಯಾಪ್ಟನ್ ಹುಡುಗಿ ಮುಖ ಕೆಂಪು ಮಾಡಿಕೊಂಡು ನನ್ನತ್ತ ಓಡಿಬಂದಳು. ಗೆರೆಯ ಆಚೆಯಿಂದ ಅವನ ದನಿ ಕೇಳಿತು: "ಏ, ಹಿಂದೆ ಬಾ. ಸೀಟಿ ಆಯ್ತಲೆ. ಆಡಿ." ಅವಳು ಹಿಂದೆ ಹೋದಳು. ಗೋಲಿಲ್ಲದೆ ಪಂದ್ಯ ಮುಗಿಯಿತು.

ಎಲ್ಲರೂ ಹೋದ ಮೇಲೆ ಅವನು ಒಂದು ಪ್ಲಾಸ್ಟಿಕ್ ಕುರ್ಚಿ ತಂದು ನನ್ನನ್ನು ಕೂರಿಸಿ, ನೀರಿನ ಬಾಟಲಿ ಕೊಟ್ಟ. ತಾನು ಪಕ್ಕದಲ್ಲಿ ನೆಲದ ಮೇಲೆ ಕೂತ.

"ಅವತ್ತೂ ಇಷ್ಟೇ ಇದ್ದದ್ದ್ ಅಲ್ದಾ ಸರ್" ಎಂದ.

ನಾನು ಅವನ ಮುಖ ನೋಡಿದೆ. ಸಿಟ್ಟಿರಲಿಲ್ಲ, ನಗುವೂ ಇರಲಿಲ್ಲ. ಇಪ್ಪತ್ತು ವರ್ಷದಲ್ಲಿ ಆ ವಿಷಯದಲ್ಲಿ ತನ್ನ ಪರವಾಗಿ ಅವನು ಆಡಿದ್ದು ಅದೊಂದೇ ಮಾತು.

"ಹೌದ್ ಮಾರಾಯಾ, ಇಷ್ಟೇ" ಎಂದೆ.